ಕೂತ ಬ್ಲಾಕೆಲ್ಲ ಹೊಂದಿದ ಬ್ಲಾಕಲ್ಲ

“ಆರ್‌ಎಕ್ಸ್ 100ಕ್ಕ 135ರ ಬ್ಲಾಕ್ ಹಾಕ್ಸಿಬಿಡ್ರಿ, ಗಾಡಿ ಹಾರ್ತೈತಿ. ಬ್ಲಾಕ್ ಕುಂತ್ರ ಮುಗೀತು, ಉಳಿದದ್ದೆಲ್ಲ ತಾನ ಹೊಂದ್ಕೊಂತೈತಿ.” ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಹುಡುಗರ ಬಾಯಲ್ಲಿ ಈ ಮಾತು ಹಳೆಯದು. 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100ರ ತಯಾರಿಕೆ 1996ರಲ್ಲೇ ನಿಂತಿತು. ಅದರ ಮೇಲಿನ ಪ್ರೀತಿ ಮಾತ್ರ ನಿಂತಿಲ್ಲ. ಆ ಪ್ರೀತಿಯೇ ಎಷ್ಟೋ ಒಳ್ಳೆಯ ಎಂಜಿನ್‌ಗಳನ್ನು ಕೆಡಿಸಿದೆ ಎನ್ನುವುದು ನನ್ನ ಸಂಕಟ.

ಈ ನಂಬಿಕೆಗೆ ಬೇರಿಲ್ಲ ಎನ್ನುವಂತಿಲ್ಲ. ಆರ್‌ಎಕ್ಸ್ 100, ಆರ್‌ಎಕ್ಸ್ 135 ಎರಡೂ ಗಾಡಿಗಳಲ್ಲಿ ಪಿಸ್ಟನ್ ಏರಿಳಿಯುವ ದೂರ, ಅಂದರೆ ಸ್ಟ್ರೋಕ್, 50 ಮಿಲಿಮೀಟರ್. ಸಿಲಿಂಡರಿನ ಒಳ ಅಗಲ, ಅಂದರೆ ಬೋರ್, 100ರದ್ದು 50, 135ರದ್ದು 58. ಹೀಗಾಗಿ ಕ್ರ್ಯಾಂಕ್ ಮುಟ್ಟದೆ ಬ್ಲಾಕು, ಪಿಸ್ಟನ್, ಹೆಡ್ಡು ಬದಲಿಸಿ 98 ಸಿಸಿಯನ್ನು 132ಕ್ಕೆ ಏರಿಸಬಹುದು. ಲೆಕ್ಕ ಇಲ್ಲಿಯವರೆಗೆ ಸರಿ.

ಮುಂದಿನದ್ದನ್ನು ಯಾರೂ ಹೇಳುವುದಿಲ್ಲ. 58ರ ಬೋರಿನ ಸ್ಲೀವ್ ಸಹಜವಾಗಿಯೇ ದಪ್ಪ. ಅದು ಇಳಿಯಬೇಕಾದರೆ ಕ್ರ್ಯಾಂಕ್‌ಕೇಸಿನ ಬಾಯನ್ನು ಕೊರೆದು ಅಗಲ ಮಾಡಬೇಕು. ಎಂಜಿನ್ ಪೂರ್ತಿ ಬಿಚ್ಚದೆ ಕೊರೆದರೆ ಅಲ್ಯೂಮಿನಿಯಂ ಪುಡಿ ನೇರ ಬೇರಿಂಗಿಗೆ ಬೀಳುತ್ತದೆ. ಆರ್‌ಎಕ್ಸ್‌ನಂಥ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲ್-ಗಾಳಿಯ ಮಿಶ್ರಣ ಮೊದಲು ಕ್ರ್ಯಾಂಕ್‌ಕೇಸಿಗೆ ಬಂದು, ಅಲ್ಲಿಂದ ಬ್ಲಾಕಿನ ಪಕ್ಕದ ದಾರಿಗಳಲ್ಲಿ ಮೇಲೇರುತ್ತದೆ. ಬ್ಲಾಕಿನ ದಾರಿಗೂ ಕೇಸಿನ ದಾರಿಗೂ ಅಂಚು ಕೂಡದಿದ್ದರೆ ಹರಿವಿಗೆ ಅಲ್ಲೇ ತಡೆಯಾಗುತ್ತದೆ. ಇನ್ನು ಕ್ರ್ಯಾಂಕಿನ ಎದುರುತೂಕ ಲೆಕ್ಕ ಹಾಕಿದ್ದು ಸಣ್ಣ ಪಿಸ್ಟನ್ನಿಗೆ. ದೊಡ್ಡ ಪಿಸ್ಟನ್ನಿನ ತೂಕ ಬಂದಾಗ ಹ್ಯಾಂಡಲ್, ಫುಟ್‌ರೆಸ್ಟ್ ನಡುಗಲು ಶುರುವಾಗುತ್ತವೆ, ಕ್ರ್ಯಾಂಕಿನ ಬೇರಿಂಗು ಬೇಗ ಸವೆಯುತ್ತದೆ.

ಆದರೆ ಎಂಜಿನ್ನನ್ನು ನಿಜವಾಗಿ ಕೊಲ್ಲುವುದು ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಜೆಟ್. ದೊಡ್ಡ ಸಿಲಿಂಡರಿಗೆ ಹಳೆಯ ಜೆಟ್ಟನ್ನೇ ಬಿಟ್ಟರೆ ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು ಆಗುವ ಸಂಭವ ದೊಡ್ಡದು. ಅಂಥ ತೆಳು ಮಿಶ್ರಣ ಉರಿದಾಗ ಪಿಸ್ಟನ್ ಕಾದು, ಹಿಗ್ಗಿ, ಬ್ಲಾಕಿಗೆ ಕಚ್ಚಿಕೊಳ್ಳುತ್ತದೆ. ನಿಪ್ಪಾಣಿ-ಕೊಲ್ಹಾಪುರ ಹೆದ್ದಾರಿಯಲ್ಲಿ ಪೂರ್ತಿ ಎಕ್ಸಿಲೇಟರ್ ತಿರುವಿ ಹೋಗುವಾಗ ಹಿಂದಿನ ಗಾಲಿ ಇದ್ದಕ್ಕಿದ್ದಂತೆ ನಿಂತರೆ ಏನಾಗಬಹುದು ಎಂದು ಬಿಡಿಸಿ ಹೇಳಬೇಕಿಲ್ಲ.

“ಜಾಮ್ ಆಗಬಾರ್ದಂದ್ರ ಪೆಟ್ರೋಲಿಗೆ ಎಣ್ಣಿ ಇನ್ನೊಂದೀಟು ಹಾಕು” ಎನ್ನುವವರಿದ್ದಾರೆ. ಅದು ತಿರುಗುಬಾಣ. ಒಂದೇ ಅಳತೆಯ ಜೆಟ್ಟಿನಲ್ಲಿ ಎಣ್ಣೆ ಹೆಚ್ಚು ಹರಿದಷ್ಟೂ ಪೆಟ್ರೋಲ್ ಕಡಿಮೆ ಹರಿಯುತ್ತದೆ, ಮಿಶ್ರಣ ಮತ್ತಷ್ಟು ತೆಳುವಾಗುತ್ತದೆ. ಈ ಗಾಡಿಯಲ್ಲಿ ಟೂಟಿ ಎಣ್ಣೆಗೆಂದೇ ಬೇರೆ ಟ್ಯಾಂಕು, ಬೇರೆ ಪಂಪು ಇದೆ. ಎಕ್ಸಿಲೇಟರಿಗೆ ತಕ್ಕಂತೆ ಎಣ್ಣೆ ಕೊಡುವ ಆ ಪಂಪನ್ನು ಕಿತ್ತೊಗೆಯುವುದಕ್ಕಿಂತ ಸರಿಯಾಗಿ ಸೆಟ್ ಮಾಡಿಸುವುದು ಒಳ್ಳೆಯದು.

ನಮ್ಮ ಭಾಗದವರು ಇನ್ನೊಂದು ಸಂಗತಿ ತಿಳಿದಿರಬೇಕು. ಉಗಾರ, ಅಥಣಿ ಕಡೆಯ ಕಾರ್ಖಾನೆಗಳಲ್ಲಿ ನಮ್ಮ ಹೊಲದ ಕಬ್ಬಿನಿಂದಲೇ ಎಥನಾಲ್ ತಯಾರಾಗುತ್ತದೆ. ಈಗ ಬಂಕಿನ ಪೆಟ್ರೋಲಿನಲ್ಲಿ ಶೇ 20ರವರೆಗೂ ಎಥನಾಲ್ ಇರುತ್ತದೆ. ಬರೀ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಅದರ ಸುಮಾರು 14.7 ಪಟ್ಟು ಗಾಳಿ ಬೇಕು, ಎಥನಾಲಿಗೆ ಸುಮಾರು 9 ಪಟ್ಟು ಸಾಕು. ಅಂದರೆ ಬರೀ ಪೆಟ್ರೋಲಿಗೆ ಸರಿಯಿದ್ದ ಜೆಟ್ ಇವತ್ತಿನ ಪೆಟ್ರೋಲಿಗೆ ಆಗಲೇ ತುಸು ತೆಳು. ಅದರ ಮೇಲೆ ದೊಡ್ಡ ಬ್ಲಾಕ್ ಕೂರಿಸಿ ಜೆಟ್ ಮರೆತರೆ ತಪ್ಪು ಇಮ್ಮಡಿಯಾಗುತ್ತದೆ.

ಸೈಲೆನ್ಸರಿನ ಒಳಕೊಳವೆ ತೆಗೆದರೆ ಪಿಕಪ್ ಬರುತ್ತದೆ ಎಂಬುದೂ ಸುಳ್ಳು. ಟೂ ಸ್ಟ್ರೋಕ್ ಸೈಲೆನ್ಸರಿನ ಹೊಟ್ಟೆಯಿಂದ ಮರಳುವ ಒತ್ತಡದ ಅಲೆ, ಹೊರಹೋಗಲಿದ್ದ ಹೊಸ ಮಿಶ್ರಣವನ್ನು ಮತ್ತೆ ಸಿಲಿಂಡರಿಗೆ ತಳ್ಳುತ್ತದೆ. ಆ ಲೆಕ್ಕ ಕೆಡಿಸಿದರೆ ಹೆಚ್ಚುವುದು ಸದ್ದು.

ಫೋರ್ ಸ್ಟ್ರೋಕ್ ಗಾಡಿಗಳಲ್ಲೂ ಇಂಥದೇ ಕಥೆ. ಹಳೆಯ ಹೀರೋ ಹೋಂಡಾ ಸ್ಪ್ಲೆಂಡರಿಗೆ ಸೂಪರ್ ಸ್ಪ್ಲೆಂಡರಿನ ಪಿಸ್ಟನ್ ಹಾಕಿದರೆ 125 ಆಗುತ್ತದೆ ಎಂದು ನಂಬಿದವರು ಬೇಕಾದಷ್ಟು. ಸ್ಪ್ಲೆಂಡರಿನ ಬೋರ್ 50, ಸ್ಟ್ರೋಕ್ 49.5. ಸೂಪರ್ ಸ್ಪ್ಲೆಂಡರಿನ ಬೋರ್ 52.4, ಸ್ಟ್ರೋಕ್ 57.8. ಹೆಚ್ಚಿನ ಸಿಸಿಯ ದೊಡ್ಡ ಪಾಲು ಬಂದದ್ದು ಸ್ಟ್ರೋಕಿನಿಂದ, ಸ್ಟ್ರೋಕ್ ಇರುವುದು ಕ್ರ್ಯಾಂಕಿನಲ್ಲಿ. ಪಿಸ್ಟನ್ ಅಗಲವಷ್ಟೇ ಬದಲಾದರೆ ಸಿಗುವುದು 107 ಸಿಸಿಗೂ ಕಡಿಮೆ. ಅದಕ್ಕಾಗಿ ಚೆನ್ನಾಗಿದ್ದ ಎಂಜಿನ್ ಬಿಚ್ಚಬೇಕೆ?

ಬ್ರೇಕಿನ ಮಾತು ಕೊನೆಗಾದರೂ ಬರುತ್ತದೆಯೇ ಎಂದು ಕಾದರೆ ಬರುವುದೇ ಇಲ್ಲ. ಆರ್‌ಎಕ್ಸ್ 100ರ ಎರಡೂ ಗಾಲಿಗೆ ಇರುವುದು ಡ್ರಮ್ ಬ್ರೇಕು. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಿಂದೆ ದೀಪವಿಲ್ಲದೆ ಸಾಗುವ ನಮ್ಮ ರಸ್ತೆಗಳಲ್ಲಿ, ಹೆಚ್ಚಿದ ವೇಗವನ್ನು ಹಿಡಿದು ನಿಲ್ಲಿಸಬೇಕಾದದ್ದು ಅದೇ ಹಳೆಯ ಡ್ರಮ್ಮು.

“ಎಂಜಿನ್ ನಂಬರ್ ಕ್ರ್ಯಾಂಕ್‌ಕೇಸಿನ ಮ್ಯಾಲ ಇರ್ತೈತಿ, ಬ್ಲಾಕ್ ಬದಲಿಸಿದ್ರ ಯಾರಿಗೆ ಗೊತ್ತಾಗ್ತೈತಿ?” ನಂಬರ್ ಅಲ್ಲಿರುವುದು ನಿಜ. ಆದರೆ ಆರ್‌ಸಿಯಲ್ಲಿ ಸಿಸಿಯೂ ದಾಖಲಾಗಿರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಪ್ರತಿ ಮಾರ್ಪಾಡಿಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡಕ್ಕೂ ಅವಕಾಶ ಕೊಟ್ಟಿದೆ. ಅಪಘಾತವಾದಾಗ ವಿಮಾ ಕಂಪನಿ ತಕರಾರು ತೆಗೆಯಲು ಇದಕ್ಕಿಂತ ಸುಲಭದ ನೆಪ ಬೇಕಿಲ್ಲ.

ಸವೆದ ಎಂಜಿನ್ನಿಗೆ ಮರುಜೀವ ಕೊಡುವುದು ಬೇರೆಯೇ ಕೆಲಸ, ಅದನ್ನು ಖಂಡಿತ ಮಾಡಿಸಿ. ಅದೇ ಬ್ಲಾಕನ್ನು ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿಸುವುದು ಸರಿಯಾದ ದಾರಿ. ಬೋರ್ 50ರಿಂದ 50.5 ಆದರೂ ಸಿಸಿ 100ರ ಆಸುಪಾಸಿನಲ್ಲೇ ಇರುತ್ತದೆ. ಕೊಲ್ಹಾಪುರದ ಶಿವಾಜಿ ಉದ್ಯಮನಗರಕ್ಕೋ ಮಿರಜಿಗೋ ಬ್ಲಾಕ್ ಒಯ್ಯುವ ಮೊದಲು ಪಿಸ್ಟನ್ ಕೊಂಡುಕೊಳ್ಳಿ. ಎರಡನ್ನೂ ಒಟ್ಟಿಗೆ ಮಿಸ್ತ್ರಿಯ ಕೈಗಿತ್ತು, ಆ ಪಿಸ್ಟನ್ನನ್ನೇ ಅಳೆದು ಬೋರ್ ಮಾಡಲು ಹೇಳಿ.