ನಿಮಗಿದು ಗೊತ್ತೆ? ಸೈಕಲ್ಲಿನ ಮುಂದಿನ ಬ್ರೇಕ್ ಯಾವ ಕೈಗೆ?

ನಮ್ಮಲ್ಲಿ ಸಾಮಾನ್ಯವಾಗಿ ಸೈಕಲ್ಲಿನ ಬಲಗೈ ಬ್ರೇಕ್ ಹಿಡಿದರೆ ಮುಂದಿನ ಚಕ್ರ ನಿಲ್ಲುತ್ತದೆ. ಬ್ರಿಟನ್ನಿನಲ್ಲೂ ಹಾಗೆಯೇ, ಅಲ್ಲಿನ 2010ರ ಸೈಕಲ್ ಸುರಕ್ಷತಾ ನಿಯಮವೂ ಇದನ್ನೇ ಹೇಳುತ್ತದೆ. ಅಮೆರಿಕದಲ್ಲಿ ಮಾತ್ರ ತಿರುಗುಮುರುಗು: ಮುಂದಿನದು ಎಡಗೈಗೆ, ಹಿಂದಿನದು ಬಲಗೈಗೆ. ಗಿರಾಕಿ ಕೇಳಿದರೆ ಅದಲುಬದಲು ಮಾಡಿ ಕೊಡಲು ಅಲ್ಲಿನ ನಿಯಮವೇ ಅವಕಾಶ ಕೊಟ್ಟಿದೆ.

ಯಾಕೀ ವ್ಯತ್ಯಾಸ? ಸಾಮಾನ್ಯವಾಗಿ ಕೊಡುವ ಕಾರಣ ಕೈಸನ್ನೆಯದು. ರಸ್ತೆಯ ಎಡಬದಿಯಲ್ಲಿ ಸಾಗುವ ನಾವು ಬಲಕ್ಕೆ ತಿರುಗುವಾಗ ಎದುರಿನ ವಾಹನಗಳನ್ನು ದಾಟಬೇಕು. ಆಗ ಬಲಗೈ ಚಾಚಿದರೆ ಹ್ಯಾಂಡಲ್ ಮೇಲೆ ಉಳಿಯುವುದು ಎಡಗೈ, ಅಂದರೆ ಹಿಂದಿನ ಬ್ರೇಕ್. ಒಂಟಿ ಕೈಯಲ್ಲಿ ಹಿಡಿಯಲು ಅದೇ ವಾಸಿ. ಅಮೆರಿಕದವರು ಬಲಬದಿಯಲ್ಲಿ ಸಾಗುವುದರಿಂದ ಅವರ ಲೆಕ್ಕ ಉಲ್ಟಾ.

ಹಿಂದಿನ ಬ್ರೇಕನ್ನು ಜೋರಾಗಿ ಒತ್ತಿದರೆ ಚಕ್ರ ಜಾರೀತು, ಅಷ್ಟೆ. ನಿಜವಾದ ತಾಕತ್ತು ಮುಂದಿನದರಲ್ಲಿದೆ. ಬ್ರೇಕ್ ಹಾಕಿದೊಡನೆ ಸವಾರನ ಭಾರವೆಲ್ಲ ಮುಂದಕ್ಕೆ ವಾಲಿ ಮುಂದಿನ ಚಕ್ರ ನೆಲವನ್ನು ಗಟ್ಟಿಯಾಗಿ ಕಚ್ಚುತ್ತದೆ. ಅದನ್ನೇ ಗಕ್ಕನೆ ಒತ್ತಿದರೆ ಹಿಂದಿನ ಚಕ್ರ ಮೇಲೆದ್ದು ಸವಾರ ಹ್ಯಾಂಡಲ್ ದಾಟಿ ಮುಗ್ಗರಿಸುತ್ತಾನೆ. ಮೊಣಕೈ ತರಚಿಸಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ!

ಮೋಟರ್‌ಸೈಕಲ್ಲಿಗೆ ಈ ಜಗಳವಿಲ್ಲ. ಯಾವ ದೇಶದಲ್ಲಾದರೂ ಮುಂದಿನ ಬ್ರೇಕ್ ಬಲಗೈಗೇ. ಅದಕ್ಕೇ ಅಮೆರಿಕದಲ್ಲೂ ಬೈಕ್ ಓಡಿಸುವ ಕೆಲವರು ತಮ್ಮ ಸೈಕಲ್ಲಿನ ಕೇಬಲ್ ಬದಲಿಸಿಕೊಳ್ಳುತ್ತಾರೆ. ಬಾಡಿಗೆ ಸೈಕಲ್ ಏರುವ ಮುನ್ನ ಒಂದೊಂದೇ ಬ್ರೇಕ್ ಒತ್ತಿ, ಚಕ್ರ ಉರುಳಿಸಿ ನೋಡಿ.