ಹತ್ತು ರೂಪಾಯಿ ಹೀರೋ, ಎರಡು ಲಕ್ಷ ದಂಡ!

ಮಾರನಹಳ್ಳಿ: ಶಿರಾಡಿ ಘಾಟಿ ಇಳಿಯೋ ಮುಂಚೆ ಒಂದು ಟೀ ಕುಡಿದು ಹೋಗೋಣ ಅನ್ನುವವರ ಊರು ಇದು. ಇಲ್ಲಿಂದ ಮುಂದೆ ಅಡ್ಡಹೊಳೆವರೆಗೆ 26 ಕಿಲೋಮೀಟರ್ ಬರೀ ತಿರುವು, ಕಾಡು, ಮಂಜು. ಧರ್ಮಸ್ಥಳ, ಸುಬ್ರಹ್ಮಣ್ಯಕ್ಕೆ ಹೋಗುವ ಸಂಸಾರಸ್ಥರ ಬಸ್ಸು-ಕಾರುಗಳೇ ಈ ಹೆದ್ದಾರಿಯ ಅಂಗಡಿಗಳಿಗೆ ಅನ್ನ.

ಸಕಲೇಶಪುರದಿಂದ ಘಾಟಿಯವರೆಗಿನ ಇಂಥ ಅಂಗಡಿಗಳ ಮುಂದೆ ನಿಂತು ನೋಡಿ. ಚಿಪ್ಸ್ ಪೊಟ್ಟಣದ ಸರ, ಶಾಂಪೂ ಸರ, ಬಾಳೆಗೊನೆ. ಅದರ ಪಕ್ಕ ಕೊಕ್ಕೆಯಲ್ಲಿ ನೇತಾಡುವ ಪ್ಲಾಸ್ಟಿಕ್ ವೀರರು. ಜೇಡರ ಬಲೆಯ ಅಂಗಿಯವನು, ಹಸಿರು ಮೈಯವನು, ಕಚ್ಚೆ ಕಟ್ಟಿದ ಛೋಟಾ ಭೀಮ್, ಬೆನ್ ಟೆನ್ ಸೈನ್ಯ. ಹತ್ತು, ಇಪ್ಪತ್ತು, ಬಹಳವಾದರೆ ಐವತ್ತು ರೂಪಾಯಿ. ಪ್ರಯಾಣಿಕರ ಮಗು ಹಟ ಹಿಡಿದರೆ ಒಂದು ಖರ್ಚಾಯಿತು ಅಷ್ಟೆ. ನಿಜವಾದ ಗಿರಾಕಿಗಳು ಬೇರೆ. ಶಾಲೆ ಬಿಟ್ಟು ಬಸ್ಸಿಗೆ ಕಾಯುವ ಹುಡುಗರು!

"ಅಣ್ಣಾ, ನಾಲ್ಕು ಕೈಯವನು ಬಂದ್ನಾ?"

"ಇಲ್ಲ ಕಣೋ, ಬೆಂಕಿ ತಲೆಯವನಿದ್ದಾನೆ, ತಗೋ."

"ಅವನು ನನ್ ಹತ್ರ ಇದಾನಣ್ಣ..."

ಆಟಿಕೆ ವ್ಯಾಪಾರದ ಗುಟ್ಟೆಲ್ಲ ಈ ಮೂರು ಮಾತಿನಲ್ಲಿದೆ. ಹುಡುಗನಿಗೆ ಗೊಂಬೆ ಬೇಕಾಗಿಲ್ಲ. ತನ್ನ ಹತ್ತಿರ ಇಲ್ಲದ ಗೊಂಬೆ ಬೇಕಾಗಿದೆ. ಬೆನ್ ಟೆನ್ ಕಾರ್ಟೂನು ಅಮೆರಿಕದಲ್ಲಿ ಶುರುವಾದದ್ದು 2005ರ ಕೊನೆಗೆ. ಹತ್ತು ವರ್ಷದ ಹುಡುಗ, ಕೈಯಲ್ಲೊಂದು ವಿಚಿತ್ರ ಗಡಿಯಾರ, ಅದನ್ನು ಒತ್ತಿದರೆ ಹತ್ತು ಬಗೆಯ ಅವತಾರ. ಹತ್ತು ಅವತಾರ ಅಂದರೆ ಹತ್ತು ಗೊಂಬೆ! ಒಂಬತ್ತು ಸಿಕ್ಕಿ ಒಂದು ಸಿಗದ ಹುಡುಗನಿಗೆ ನಿದ್ದೆ ಎಲ್ಲಿ ಬರಬೇಕು? ಮುಂದಿನ ಭಾಗಗಳಲ್ಲಿ ಅವತಾರಗಳು ಹತ್ತಕ್ಕೆ ನಿಲ್ಲಲಿಲ್ಲ ಅನ್ನುವುದನ್ನೂ ಹೇಳಬೇಕು. ಲೆಕ್ಕ ಯಾವತ್ತೂ ಮುಗಿಯಬಾರದು ನೋಡಿ.

ಇದು ಹೊಸ ಉಪಾಯವೇನಲ್ಲ. ದೂರದರ್ಶನದ ಕಾಲದಲ್ಲಿ ಹೀ-ಮ್ಯಾನ್ ನೋಡಿದವರಿಗೆ ಇವತ್ತು ತಲೆಯಲ್ಲಿ ಬಿಳಿಕೂದಲು ಬಂದಿದೆ. ಆ ಕತೆಗಾಗಿ ಗೊಂಬೆ ಮಾಡಿದರು ಅಂತ ಅವರೆಲ್ಲ ತಿಳಿದಿದ್ದರೆ ತಪ್ಪು. ಮ್ಯಾಟೆಲ್ ಕಂಪನಿಯ ಗೊಂಬೆ ಪೇಟೆಗೆ ಬಂದದ್ದು 1982ರಲ್ಲಿ, ಕಾರ್ಟೂನು ಬಂದದ್ದು 1983ರಲ್ಲಿ. ಮೊದಲು ಮದುವೆ ಊಟ, ಆಮೇಲೆ ಲಗ್ನಪತ್ರಿಕೆ! ಅರ್ಧ ಗಂಟೆಯ ಕತೆ ಅಂತ ಮಕ್ಕಳು ನೋಡಿದ್ದು ಅರ್ಧ ಗಂಟೆಯ ಜಾಹೀರಾತು.

ಇನ್ನೂ ಹಿಂದಕ್ಕೆ ಹೋದರೆ ಇನ್ನೊಂದು ತಮಾಷೆ. 1964ರಲ್ಲಿ ಹ್ಯಾಸ್ಬ್ರೋ ಕಂಪನಿ ಜಿ.ಐ. ಜೋ ಎಂಬ ಸಿಪಾಯಿ ಗೊಂಬೆ ತಂದಾಗ ಅದನ್ನು ಗೊಂಬೆ ಅಂತ ಕರೆಯಲು ಅವರಿಗೆ ಭಯ. ಗೊಂಬೆ ಅಂದರೆ ಹೆಣ್ಣುಮಕ್ಕಳ ಆಟ, ಗಂಡುಹುಡುಗರು ಮುಟ್ಟುವುದಿಲ್ಲ ಅಂತ. ಅದಕ್ಕೇ 'ಆ್ಯಕ್ಷನ್ ಫಿಗರ್' ಅಂತ ಹೊಸ ಹೆಸರು ಕಟ್ಟಿದರು. ನಮ್ಮಲ್ಲಿ ಈ ನಾಚಿಕೆ ಯಾವಾಗ ಇತ್ತು ಸ್ವಾಮಿ? ಮೈಸೂರು ಸೀಮೆಯಲ್ಲಿ ನವರಾತ್ರಿ ಬಂದರೆ ಪಟ್ಟದ ಗೊಂಬೆಗಳನ್ನು ಕೂರಿಸಿ, ಮೆಟ್ಟಿಲು ಕಟ್ಟಿ, ವರ್ಷಕ್ಕೊಂದು ಹೊಸ ಗೊಂಬೆ ಸೇರಿಸುತ್ತಾ ಬಂದ ಮನೆಗಳೆಷ್ಟೋ! ತಾಯಿಯ ಗೊಂಬೆ ಮಗಳಿಗೆ, ಮಗಳದು ಮೊಮ್ಮಗಳಿಗೆ. ಈಗ ಅದೇ ಮೆಟ್ಟಿಲಿನ ಕೆಳಗೆ, ಚೆಟ್ಟಿಯಾರ್ ಗೊಂಬೆಯ ಪಕ್ಕ, ಮೊಮ್ಮಗನ ಛೋಟಾ ಭೀಮನೂ ನಿಲ್ಲುತ್ತಾನೆ. ಅಜ್ಜಿ ಬೇಡ ಅನ್ನುವುದಿಲ್ಲ.

ಅಟ್ಟದ ಮೇಲೆ ನೋಡಿ

ನಮ್ಮ ದೇಶದಲ್ಲಿ ಈ ಸಿಪಾಯಿ ಗೊಂಬೆ ಸಿಗುವಂತಾದದ್ದು ಫನ್‌ಸ್ಕೂಲ್ ಕಂಪನಿಯಿಂದ. ಎಂ.ಆರ್.ಎಫ್. ಟೈರಿನವರೂ ಹ್ಯಾಸ್ಬ್ರೋದವರೂ ಸೇರಿ 1987ರಲ್ಲಿ ಕಟ್ಟಿದ ಕಂಪನಿ ಅದು. ಅವರ ಕೆಲವು ಜಿ.ಐ. ಜೋ ಗೊಂಬೆಗಳಿಗೆ ಬಿದ್ದ ಬಣ್ಣ ಅಮೆರಿಕದ ಗೊಂಬೆಗಳ ಬಣ್ಣವಲ್ಲ. ಆ ಬೇರೆ ಬಣ್ಣಕ್ಕಾಗಿಯೇ ಪರದೇಶದ ಸಂಗ್ರಾಹಕರು ಇವತ್ತು ಇಂಡಿಯಾದ ಗೊಂಬೆಯನ್ನು ಹುಡುಕಿ ಹುಡುಕಿ ಕೊಳ್ಳುತ್ತಾರೆ. ಪೆಟ್ಟಿಗೆ ಒಡೆಯದೆ ಇದ್ದರಂತೂ ಕೇಳಲೇಬೇಡಿ. ಮನೆಯ ಅಟ್ಟದ ಮೇಲೆ ಅಂಥದ್ದೇನಾದರೂ ಇದ್ದರೆ ಗುಜರಿಗೆ ಹಾಕುವ ಮುಂಚೆ ಒಂದು ಸಲ ಯೋಚಿಸುವುದು ಒಳ್ಳೆಯದು.

ಆಗ ಅವು ಪಟ್ಟಣದ ಮಕ್ಕಳ ಆಟಿಕೆ. ಹಳ್ಳಿ ಹುಡುಗರ ಕೈಗೆ ಈ ಚಪಲ ಬಂದದ್ದು ಕೇಬಲ್, ಡಿಶ್ ಬಂದ ಮೇಲೆ. 2008ರಲ್ಲಿ ಪೋಗೋ ಚಾನೆಲ್‌ನಲ್ಲಿ ಛೋಟಾ ಭೀಮ್ ಬಂದ, 2009ರಲ್ಲಿ ಚಿಂಟು ಟಿ.ವಿ. ಬಂದು ಕಾರ್ಟೂನುಗಳು ಕನ್ನಡ ಮಾತಾಡಿದವು. ಅಸಲಿ ಕಂಪನಿ ಗೊಂಬೆ ನೂರಾರು ರೂಪಾಯಿ, ಕೆಲವು ಸಾವಿರ ದಾಟುತ್ತವೆ. ಕಾಫಿ ತೋಟದ ಕೂಲಿಯವರ ಮಗ ಅದನ್ನು ಕೊಳ್ಳುವುದುಂಟೆ? ಅವನಿಗಾಗಿ ಜಾತ್ರೆ ಉಂಟು, ರಸ್ತೆ ಬದಿ ಅಂಗಡಿ ಉಂಟು, ನಕಲಿ ಹೀರೋ ಉಂಟು. ಮೂಗು ಸ್ವಲ್ಪ ಸೊಟ್ಟ, ಅಂಗಿ ಬಣ್ಣ ಕೈಗೆ ಹತ್ತುತ್ತೆ. ಆದರೂ ಹತ್ತು ಜನರ ಸೈನ್ಯ ಪೂರ್ತಿಯಾಗುತ್ತೆ!

ಆ ಕೈಗೆ ಹತ್ತುವ ಬಣ್ಣದಲ್ಲೇ ತಕರಾರು ಇರೋದು. ಚಿಕ್ಕ ಮಕ್ಕಳು ಗೊಂಬೆಯನ್ನು ಬಾಯಿಗೆ ಇಡದೆ ಬಿಡುವುದಿಲ್ಲ. ಭಾರತೀಯ ಗುಣಮಟ್ಟ ಪರಿಷತ್ತು 2019ರಲ್ಲಿ ದೆಹಲಿ ಸುತ್ತಿನ ಪೇಟೆಯಿಂದ 121 ಬಗೆಯ ಆಟಿಕೆ ತಂದು ಪರೀಕ್ಷೆ ಮಾಡಿಸಿದಾಗ ಸುಮಾರು 67 ಪರ್ಸೆಂಟ್ ಫೇಲು. ಪ್ಲಾಸ್ಟಿಕ್ ಮೆತ್ತಗಾಗಲು ಬೆರೆಸುವ ರಾಸಾಯನಿಕ ಅದಕ್ಕೆ ಒಂದು ಕಾರಣ. 2020ರ ಬಜೆಟ್‌ನಲ್ಲಿ ಆಟಿಕೆ ಆಮದು ಸುಂಕ 20ರಿಂದ 60 ಪರ್ಸೆಂಟಿಗೆ ಏರಿತು, 2023ರಲ್ಲಿ 70 ಆಯಿತು. ಅದಕ್ಕಿಂತ ಬಿಗಿ ಬಂದದ್ದು 2021ರ ಜನವರಿ 1ರಿಂದ. ಹದಿನಾಲ್ಕು ವರ್ಷದೊಳಗಿನ ಮಕ್ಕಳು ಆಡುವ ಆಟಿಕೆಗೆ ಐ.ಎಸ್.ಐ. ಮುದ್ರೆ ಕಡ್ಡಾಯ.

ತಯಾರಿಸುವವನಿಗೆ ಮಾತ್ರ ತಾನೇ ಅಂತ ಅಂಗಡಿಯವರು ಸುಮ್ಮನಿರುವಂತಿಲ್ಲ. 2016ರ ಬಿ.ಐ.ಎಸ್. ಕಾಯ್ದೆ ಮಾರುವವನನ್ನೂ ಹಿಡಿಯುತ್ತದೆ; ಮಾರಲೆಂದು ದಾಸ್ತಾನು ಇಟ್ಟವನನ್ನೂ, ಕೊಕ್ಕೆಗೆ ನೇತುಹಾಕಿದವನನ್ನೂ ಹಿಡಿಯುತ್ತದೆ. ಆ ಕಾಯ್ದೆಯಲ್ಲಿ ಬರೆದಿರುವ ಪ್ರಕಾರ ಮೊದಲನೇ ಸಲಕ್ಕೆ ದಂಡವೇ ಆದರೆ ಎರಡು ಲಕ್ಷಕ್ಕೆ ಕಡಿಮೆಯಿಲ್ಲ, ಎರಡನೇ ಸಲ ಐದು ಲಕ್ಷಕ್ಕೆ ಕಡಿಮೆಯಿಲ್ಲ. ಎರಡು ವರ್ಷದವರೆಗೆ ಜೈಲೂ ಆಗಬಹುದು. ಹತ್ತು ರೂಪಾಯಿ ಗೊಂಬೆಯಲ್ಲಿ ಮೂರೋ ನಾಲ್ಕೋ ರೂಪಾಯಿ ಲಾಭ ನೋಡುವವನಿಗೆ ಇದು! 2023ರ ಜನವರಿಯಲ್ಲಿ ದೇಶದ ದೊಡ್ಡ ದೊಡ್ಡ ಮಳಿಗೆಗಳಲ್ಲೇ 18,600 ಆಟಿಕೆ ಜಪ್ತಿಯಾಯಿತು. ಮಾಲ್‌ನವರು ವಕೀಲರನ್ನು ಇಡುತ್ತಾರೆ. ಪೆಟ್ಟಿಗೆ ಅಂಗಡಿಯವನು ಯಾರನ್ನು ಇಡಬೇಕು?

ಈ ರಸ್ತೆಯ ವ್ಯಾಪಾರವೋ ಮೊದಲೇ ಮಳೆಯ ದಯೆ. 2018ರಲ್ಲಿ ಕಾಂಕ್ರೀಟ್ ಕೆಲಸಕ್ಕೆ ಅಂತ ಜನವರಿಯಿಂದ ಜುಲೈವರೆಗೆ ಘಾಟಿ ಬಂದ್. ತೆರೆದು ತಿಂಗಳಾಗುವಷ್ಟರಲ್ಲಿ ಆಗಸ್ಟಿನ ಮಳೆಗೆ ಮತ್ತೆ ಬಂದ್. 2022ರಲ್ಲಿ ದೋಣಿಗಲ್ ಹತ್ತಿರ ರಸ್ತೆ ಕುಸಿಯಿತು. ಬಸ್ಸು ನಿಂತರೆ ಟೀಯೂ ಇಲ್ಲ, ಗೊಂಬೆಯೂ ಇಲ್ಲ.

ಚನ್ನಪಟ್ಟಣದ ಗೊಂಬೆ ಇಡಬಹುದಲ್ಲ ಅಂತ ಕೆಲವರು ಕೇಳುತ್ತಾರೆ. ಸರಿ, ಭೌಗೋಳಿಕ ಗುರುತು ಪಡೆದ ಆಟಿಕೆಗೂ, ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳ ಆಟಿಕೆಗೂ 2020ರ ಡಿಸೆಂಬರಿನಲ್ಲಿ ಈ ಮುದ್ರೆಯಿಂದ ವಿನಾಯಿತಿ ಸಿಕ್ಕಿದೆ. ಹಾಲೆ ಮರ, ಅರಗಿನ ಬಣ್ಣ, ಬಾಯಿಗಿಟ್ಟರೂ ಹೆದರಿಕೆ ಕಡಿಮೆ. ಆದರೆ ತಿರುಗಣೆಯಲ್ಲಿ ಕಡೆದ ಗೊಂಬೆಯ ಕೈಕಾಲು ಮಡಿಸಲು ಬರುವುದಿಲ್ಲ. ಕೂಸಿಗೆ ಅದು ಸರಿ. ನಾಲ್ಕು ಕೈಯವನು ಬೇಕು ಅಂತ ಅಳುವ ಹತ್ತು ವರ್ಷದವನಿಗೆ ಕೊಟ್ಟು ನೋಡಿ!

ಸಗಟು ಅಂಗಡಿಯಿಂದ ಸರಕು ತರುವಾಗ ನೋಡಬೇಕಾದ್ದು ಇಷ್ಟು: ಐ.ಎಸ್.ಐ. ಮುದ್ರೆಯ ಜೊತೆಗೆ ಸಿ.ಎಂ./ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರ್ ಇರಬೇಕು. ಬಿ.ಐ.ಎಸ್. ಕೇರ್ ಎಂಬ ಆ್ಯಪ್‌ನಲ್ಲಿ ಆ ನಂಬರ್ ಒತ್ತಿದರೆ ಯಾರ ಲೈಸೆನ್ಸು, ಚಾಲ್ತಿಯಲ್ಲಿದೆಯೋ ಇಲ್ಲವೋ ತಿಳಿಯುತ್ತೆ. ಬಿಲ್ಲು ಕೇಳಿ ಇಸ್ಕೊಳ್ಳಿ. ಗೋಣಿಚೀಲದಲ್ಲಿ ಸುರಿದು ತೂಕಕ್ಕೆ ಕೊಡುವ ಸರಕಿಗೆ ಬಿಲ್ಲು ಕೊಡಿ ಅಂದರೆ "ಬೇಕಾದ್ರೆ ತಗೊಳಿ, ಇಲ್ಲಾಂದ್ರೆ ಬಿಡಿ ಯಜಮಾನ್ರೆ" ಅನ್ನುತ್ತಾರೆ ನಿಜ. ಬಿಡುವುದೇ ಕ್ಷೇಮ.

ಇಷ್ಟನ್ನೂ ಅಂಗಡಿಯವರು ಪೇಪರ್ ಓದಿಯೇ ತಿಳಿಯಬೇಕೆ? ಬ್ಯೂರೋದವರು ಸಕಲೇಶಪುರದಲ್ಲೋ ಆಲೂರಿನಲ್ಲೋ ಒಂದು ದಿನ ಸಣ್ಣ ವ್ಯಾಪಾರಿಗಳನ್ನು ಕರೆದು, ಮುದ್ರೆ ಇರುವ ಗೊಂಬೆ ಒಂದು, ಇಲ್ಲದ್ದು ಒಂದು ಕೈಗೆ ಕೊಟ್ಟು, ಕನ್ನಡದಲ್ಲಿ ಹೇಳಿದರೆ ಅರ್ಧ ಗಂಟೆಯ ಕೆಲಸ. ಜಾತ್ರೆ ಸರಕು ತರುವ ಮುಂಚೆಯೇ ಆ ಕೆಲಸ ಆಗಲಿ.