ನಿಮಗ್ನ ಧಾರೆ

ನಿಮಗ್ನ ಧಾರೆ ಅಥವಾ ಮುಳುಗಿದ ಜೆಟ್ ಎಂದರೆ ನಳಿಕೆಯೊಂದರಿಂದ ಹೊರಚಿಮ್ಮಿ ತನ್ನಂಥದೇ ತರಲದ (ದ್ರವ ಅಥವಾ ಅನಿಲದ) ಒಳಗೆ ಸಾಗುವ ಹರಿವು. ಕೆರೆಯ ತಳದಲ್ಲಿ ತೆರೆದ ಕೊಳವೆಯಿಂದ ನುಗ್ಗುವ ನೀರು, ಮೇಜಿನ ಫ್ಯಾನಿನ ಮುಂದಿನ ಗಾಳಿ, ಬಾಯಿಂದ ಊದಿದ ಉಸಿರು ಇವೆಲ್ಲ ಈ ವರ್ಗಕ್ಕೆ ಸೇರುತ್ತವೆ. ತೋಟದ ಪೈಪಿನಿಂದ ಗಾಳಿಗೆ ಚಿಮ್ಮುವ ನೀರು ಸೇರುವುದಿಲ್ಲ. ಗಾಳಿಯು ನೀರಿಗಿಂತ ಸುಮಾರು 800 ಪಟ್ಟು ಹಗುರವಾದ್ದರಿಂದ ಆ ಧಾರೆಯು ಬಹಳ ದೂರ ತನ್ನ ಆಕಾರವನ್ನು ಉಳಿಸಿಕೊಳ್ಳುತ್ತದೆ. ಅದೇ ಪೈಪಿನ ಬಾಯನ್ನು ತೊಟ್ಟಿಯ ನೀರಿನೊಳಗೆ ಅದ್ದಿದರೆ ಧಾರೆಯು ಸ್ವಲ್ಪ ದೂರದಲ್ಲೇ ಹರಡಿ ಮಂದವಾಗುತ್ತದೆ.

ಸಂವೇಗ ಮತ್ತು ಒಳಸೆಳೆತ

ಧಾರೆಯ ಅಂಚಿನಲ್ಲಿ ವೇಗವಾಗಿ ಹರಿಯುವ ಪದರವು ನಿಶ್ಚಲವಾದ ಪದರವನ್ನು ಉಜ್ಜುತ್ತದೆ. ಈ ಗಡಿಯು ಅಸ್ಥಿರವಾಗಿದ್ದು ಸುಳಿಗಳಾಗಿ ಸುರುಳಿಗೊಳ್ಳುತ್ತದೆ. ಸುಳಿಗಳು ಸುತ್ತಲಿನ ತರಲವನ್ನು ಧಾರೆಯೊಳಕ್ಕೆ ಎಳೆದುಕೊಳ್ಳುತ್ತವೆ. ಇದನ್ನು ಒಳಸೆಳೆತ ಎನ್ನಬಹುದು. ಹೀಗಾಗಿ ಧಾರೆಯು ಮುಂದೆ ಸಾಗಿದಂತೆ ಅದರಲ್ಲಿ ಹರಿಯುವ ತರಲದ ಪ್ರಮಾಣ ಹೆಚ್ಚುತ್ತಲೇ ಹೋಗುತ್ತದೆ. ಆದರೆ ಒತ್ತಡವು ಎಲ್ಲೆಡೆ ಹೆಚ್ಚುಕಡಿಮೆ ಸಮವಾಗಿರುವುದರಿಂದ ಒಟ್ಟು ಸಂವೇಗವು ಬದಲಾಗುವುದಿಲ್ಲ. ಅಷ್ಟೇ ಸಂವೇಗವನ್ನು ಹೆಚ್ಚು ಹೆಚ್ಚು ತರಲವು ಹಂಚಿಕೊಳ್ಳಬೇಕಾದ್ದರಿಂದ ವೇಗವು ಕುಗ್ಗುತ್ತದೆ. ಚಲನಶಕ್ತಿಯಾದರೋ ಉಳಿಯುವುದಿಲ್ಲ, ಅದು ಸುಳಿಗಳ ಮೂಲಕ ಕೊನೆಗೆ ಶಾಖವಾಗಿ ಕರಗುತ್ತದೆ.

ಊದಿ ದೀಪವನ್ನು ಆರಿಸಬಹುದು, ಅಷ್ಟೇ ದೂರದಿಂದ ಉಸಿರನ್ನು ಒಳಗೆಳೆದು ಆರಿಸಲಾಗದು ಎಂಬ ನಿತ್ಯದ ಅನುಭವಕ್ಕೂ ಇದೇ ಕಾರಣ. ಒಳಗೆಳೆಯುವಾಗ ಗಾಳಿಯು ಎಲ್ಲ ದಿಕ್ಕುಗಳಿಂದ ಬರುವುದರಿಂದ ಅದರ ವೇಗವು ದೂರದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ. ಊದಿದಾಗ ಸಂವೇಗವು ಒಂದೇ ದಿಕ್ಕಿನಲ್ಲಿ ಉಳಿಯುತ್ತದೆ.

ಧಾರೆಯ ರಚನೆ

ನಳಿಕೆಯ ಬಾಯಿಯಿಂದ ಅದರ ವ್ಯಾಸದ ಸುಮಾರು 4ರಿಂದ 6 ಪಟ್ಟು ದೂರದವರೆಗೆ ಧಾರೆಯ ನಡುವಿನಲ್ಲಿ ಮೂಲ ವೇಗವನ್ನು ಕಳೆದುಕೊಳ್ಳದ ತಿರುಳೊಂದು ಇರುತ್ತದೆ. ಸುತ್ತಲಿನ ಮಿಶ್ರಣ ಪದರವು ಒಳಮುಖವಾಗಿ ಬೆಳೆದು ಇದನ್ನು ಕಬಳಿಸುತ್ತದೆ. ಅನಂತರ, ಹಲವು ವ್ಯಾಸಗಳಷ್ಟು ದೂರದಲ್ಲಿ, ಧಾರೆಯು ಸ್ವಸಾದೃಶ್ಯ ಸ್ಥಿತಿಯನ್ನು ತಲುಪುತ್ತದೆ. ಅಂದರೆ ಯಾವ ಅಡ್ಡಕೊಯ್ತದಲ್ಲಿ ನೋಡಿದರೂ ವೇಗದ ಹಂಚಿಕೆಯ ಆಕಾರವು ಒಂದೇ. ಅಳತೆ ಮಾತ್ರ ಬೇರೆ. ದುಂಡು ನಳಿಕೆಯ ಪ್ರಕ್ಷುಬ್ಧ ಧಾರೆಯಲ್ಲಿ ಅಗಲವು ದೂರಕ್ಕೆ ಅನುಪಾತವಾಗಿ ಹೆಚ್ಚುತ್ತದೆ, ಮಧ್ಯರೇಖೆಯ ವೇಗವು ದೂರಕ್ಕೆ ವಿಲೋಮವಾಗಿ ಇಳಿಯುತ್ತದೆ. ಹರಡುವ ಶಂಕುವಿನ ಪೂರ್ಣ ಕೋನವು ಸುಮಾರು 24 ಡಿಗ್ರಿ. ನೀರಾಗಲಿ ಗಾಳಿಯಾಗಲಿ, ನಳಿಕೆ ದೊಡ್ಡದಿರಲಿ ಚಿಕ್ಕದಿರಲಿ, ಹರಿವು ಸಾಕಷ್ಟು ಪ್ರಕ್ಷುಬ್ಧವಾಗಿದ್ದರೆ ಈ ಕೋನವು ಹೆಚ್ಚು ಬದಲಾಗದಿರುವುದು ಈ ವಿಷಯದ ಅತ್ಯಂತ ಗಮನಾರ್ಹ ಸಂಗತಿ.

ಉದಾಹರಣೆಗೆ, 1 ಸೆಂ.ಮೀ. ವ್ಯಾಸದ ನಳಿಕೆಯಿಂದ ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಹೊರಟ ನೀರಿನ ರೆನಾಲ್ಡ್ಸ್ ಸಂಖ್ಯೆ ಸುಮಾರು 30,000. ಇದು 60 ಸೆಂ.ಮೀ. ಸಾಗುವಷ್ಟರಲ್ಲಿ ಮಧ್ಯರೇಖೆಯ ವೇಗವು ಸೆಕೆಂಡಿಗೆ ಸುಮಾರು 30 ಸೆಂ.ಮೀ.ಗೆ ಇಳಿದಿರುತ್ತದೆ, ಧಾರೆಯ ಅಗಲವು ಸುಮಾರು 24 ಸೆಂ.ಮೀ. ಆಗಿರುತ್ತದೆ, ಹರಿಯುವ ನೀರಿನ ಪ್ರಮಾಣವು ಮೂಲದ ಸುಮಾರು 19 ಪಟ್ಟಾಗಿರುತ್ತದೆ. ಆ ನೀರಿನ ಬಹುಪಾಲು ನಳಿಕೆಯಿಂದ ಬಂದದ್ದೇ ಅಲ್ಲ.

ಅಧ್ಯಯನದ ಹಿನ್ನೆಲೆ

ಪ್ರಾಂಡ್ಟ್‌ಲ್ ಮಂಡಿಸಿದ ಮಿಶ್ರಣ ದೂರದ ಕಲ್ಪನೆಯನ್ನು ಬಳಸಿ ವಾಲ್ಟರ್ ಟಾಲ್‌ಮೀನ್ 1926ರಲ್ಲಿ ಪ್ರಕ್ಷುಬ್ಧ ಧಾರೆಗಳ ಲೆಕ್ಕಾಚಾರವನ್ನು ಪ್ರಕಟಿಸಿದರು. ಸ್ತರೀಯ ಧಾರೆಯ ಸಮೀಕರಣಗಳನ್ನು ಹರ್ಮನ್ ಶ್ಲಿಖ್ಟಿಂಗ್ 1933ರಲ್ಲಿ ಬಿಡಿಸಿದರು. ದುಂಡು ಸ್ತರೀಯ ಧಾರೆಯಲ್ಲಿ ಹರಿವಿನ ಪ್ರಮಾಣವು ತರಲದ ಸ್ನಿಗ್ಧತೆ ಮತ್ತು ದೂರವನ್ನು ಮಾತ್ರ ಅವಲಂಬಿಸುತ್ತದೆ, ಧಾರೆಯ ಬಲವನ್ನಲ್ಲ ಎಂಬ ವಿಚಿತ್ರ ಫಲಿತಾಂಶವು ಇಲ್ಲಿಂದ ದೊರೆಯುತ್ತದೆ. ಬಲವಾದ ಧಾರೆಯು ಕಿರಿದಾಗಿಯೇ ಉಳಿದು ಕಡಿಮೆ ಮೇಲ್ಮೈಯಿಂದ ಸೆಳೆಯುವುದು ಇದರ ವಿವರಣೆ. 1944ರಲ್ಲಿ ಲೆವ್ ಲ್ಯಾಂಡೌ ಬಿಂದುಮೂಲದ ಧಾರೆಗೆ ಪೂರ್ಣ ನೇವಿಯರ್–ಸ್ಟೋಕ್ಸ್ ಸಮೀಕರಣಗಳ ನಿಖರ ಪರಿಹಾರವನ್ನೇ ನೀಡಿದರು.

ಒಳಸೆಳೆತವನ್ನು ನೇರವಾಗಿ ಅಳೆಯುವುದು ಸುಲಭವಾಗಿರಲಿಲ್ಲ. 1961ರಲ್ಲಿ ರಿಕೂ ಮತ್ತು ಸ್ಪಾಲ್ಡಿಂಗ್ ಧಾರೆಯನ್ನು ರಂಧ್ರಮಯ ಗೋಡೆಯಿಂದ ಸುತ್ತುವರಿದು, ಗೋಡೆಯ ಮೂಲಕ ಗಾಳಿಯನ್ನು ಒದಗಿಸುತ್ತ, ಒಳಗಿನ ಒತ್ತಡವು ಸಮವಾಗುವಂತೆ ಹೊಂದಿಸಿದರು. ಆಗ ಒದಗಿಸಬೇಕಾದ ಗಾಳಿಯೇ ಧಾರೆಯು ಸೆಳೆಯುವ ಗಾಳಿ. ಹರಿವು ಮೂಲದ 0.32 ಪಟ್ಟನ್ನು ವ್ಯಾಸದ ಅಳತೆಯಲ್ಲಿನ ದೂರದಿಂದ ಗುಣಿಸಿದಷ್ಟಾಗುತ್ತದೆ ಎಂಬ ಸೂತ್ರವು ಇಂದಿಗೂ ಬಳಕೆಯಲ್ಲಿದೆ.

ತ್ಯಾಜ್ಯ ನೀರಿನ ವಿಸರ್ಜನೆ

ನಗರದ ತ್ಯಾಜ್ಯ ನೀರನ್ನು ಸಮುದ್ರಕ್ಕೆ ಬಿಡುವಾಗ ಅದು ಎಷ್ಟು ಬೇಗ ತೆಳುವಾಗುತ್ತದೆ ಎಂಬುದು ಅಲ್ಲಿನ ಜಲಚರಗಳಿಗೂ ದಡದಲ್ಲಿ ಮೀಯುವವರಿಗೂ ಮುಖ್ಯ. ಮೇಲಿನ ಸೂತ್ರದಂತೆ 1 ಮೀಟರ್ ವ್ಯಾಸದ ಒಂದೇ ಕೊಳವೆಯಿಂದ ಹೊರಟ ನೀರು 10 ಮೀಟರ್ ದೂರದಲ್ಲಿ ಸರಾಸರಿ 3 ಪಟ್ಟು ಮಾತ್ರ ತೆಳುವಾಗಿರುತ್ತದೆ. ಅಷ್ಟೇ ನೀರನ್ನು ಅದೇ ವೇಗದಲ್ಲಿ 10 ಸೆಂ.ಮೀ. ವ್ಯಾಸದ 100 ರಂಧ್ರಗಳಿಂದ ಬಿಟ್ಟರೆ, ಧಾರೆಗಳು ಒಂದಕ್ಕೊಂದು ತಾಗದಿರುವಷ್ಟು ಅಂತರವಿದ್ದಲ್ಲಿ, ಅಷ್ಟೇ ದೂರದಲ್ಲಿ 32 ಪಟ್ಟು ತೆಳುವಾಗುತ್ತದೆ. ಆದ್ದರಿಂದಲೇ ಹೊರಹರಿವಿನ ಕೊಳವೆಗಳ ತುದಿಯಲ್ಲಿ ಅನೇಕ ರಂಧ್ರಗಳ ಪ್ರಸಾರಕವನ್ನು ಅಳವಡಿಸುತ್ತಾರೆ. 2000ರಲ್ಲಿ ಕಾರ್ಯಾರಂಭ ಮಾಡಿದ ಅಮೆರಿಕದ ಬಾಸ್ಟನ್ ನಗರದ ಹೊರಹರಿವಿನ ಸುರಂಗವು ಸುಮಾರು 15 ಕಿ.ಮೀ. ಉದ್ದವಿದ್ದು, ಅದರ ಕೊನೆಯ ಸುಮಾರು 2 ಕಿ.ಮೀ.ನಲ್ಲಿ 55 ಊರ್ಧ್ವನಳಿಕೆಗಳಿವೆ. ವಾಸ್ತವದಲ್ಲಿ ತ್ಯಾಜ್ಯ ನೀರು ಸಮುದ್ರದ ನೀರಿಗಿಂತ ಹಗುರವಾದ್ದರಿಂದ ಮೇಲೇರುತ್ತ ಇನ್ನಷ್ಟು ಬೆರೆಯುತ್ತದೆ. ಉಪ್ಪು ತೆಗೆಯುವ ಘಟಕಗಳ ಗಾಢ ಉಪ್ಪುನೀರು ಇದಕ್ಕೆ ವಿರುದ್ಧ: ಅದು ಭಾರವಾಗಿ ತಳಕ್ಕೆ ಕೂರುವುದರಿಂದ ಅದನ್ನು ಓರೆಯಾಗಿ ಮೇಲ್ಮುಖವಾಗಿ ಚಿಮ್ಮಿಸುತ್ತಾರೆ.

ಇತರ ಸಂದರ್ಭಗಳು

ಬಾವಿಗಳಲ್ಲಿ ಬಳಸುವ ಜೆಟ್ ಪಂಪು ಒಳಸೆಳೆತವನ್ನೇ ದುಡಿಸಿಕೊಳ್ಳುತ್ತದೆ. ಮೇಲಿನಿಂದ ಹೀರುವ ಪಂಪು ಏಳೆಂಟು ಮೀಟರಿಗಿಂತ ಆಳದ ನೀರನ್ನು ಎತ್ತಲಾರದು. ಬಾವಿಯೊಳಗೆ ಇಳಿಸಿದ ನಳಿಕೆಯ ಧಾರೆಯು ಸುತ್ತಲಿನ ನೀರನ್ನು ಸೆಳೆದು ಮೇಲಕ್ಕೆ ತಳ್ಳುತ್ತದೆ. ಅಣೆಕಟ್ಟಿನ ತೂಬುಗಳ ಕೆಳಗೆ ಇಂಥದೇ ಧಾರೆಯು ನದಿಪಾತ್ರವನ್ನು ಕೊರೆಯಬಲ್ಲದು.

ಮೋಡಗಳು ಸುತ್ತಲಿನ ಒಣಗಾಳಿಯನ್ನು ಎಷ್ಟು ಸೆಳೆಯುತ್ತವೆ ಎಂಬ ಪ್ರಶ್ನೆಯೂ ಇದೇ ಶಾಸ್ತ್ರಕ್ಕೆ ಸೇರಿದ್ದು. ಬೆಂಗಳೂರಿನಲ್ಲಿ ಜಿ. ಎಸ್. ಭಟ್ ಮತ್ತು ರೊದ್ದಂ ನರಸಿಂಹ ಅವರು ನೀರಿನ ಧಾರೆಯನ್ನು ವಿದ್ಯುದ್ವಾಹಕವಾಗಿಸಿ, ಅದರೊಳಗೆ ವಿದ್ಯುತ್ ಹರಿಸಿ, ಮಾರ್ಗಮಧ್ಯದಲ್ಲೇ ಕಾಯಿಸಿದರು. ಆವಿಯು ಹನಿಗೂಡುವಾಗ ಮೋಡಕ್ಕೆ ದೊರೆಯುವ ಶಾಖದ ಅನುಕರಣೆಯಿದು. 1996ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಶಾಖವು ದೊಡ್ಡ ಸುಳಿಗಳ ವ್ಯವಸ್ಥೆಯನ್ನು ಕೆಡಿಸುತ್ತದೆ, ಒಳಸೆಳೆತವು ಅದರಿಂದ ಕುಗ್ಗುತ್ತದೆ ಎಂದು ಕಂಡುಬಂದಿತು.